ಅರಿಶಿನದ ಊರಿಗೆ ಅಕ್ಕವ್ವ ಬಂದದ್ದು

ಚಾಕೊಲೇಟ್ ಕೈಗೆ ಬಂದರೆ ನಾನು ಮೊದಲು ಅದನ್ನು ಟಪ್ಪೆಂದು ಮುರಿಯುತ್ತೇನೆ. ಮುರಿದ ಅಂಚನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ಮೂಸುತ್ತೇನೆ. ಬಾಯಿಗೆ ಹಾಕುವುದು ಆಮೇಲೆ. ಮೊನ್ನೆ ನಾದಿನಿಯ ಮಗಳ ಹುಟ್ಟುಹಬ್ಬದಲ್ಲಿ ಹತ್ತು ಜನರೆದುರು ಹೀಗೆ ಮಾಡಿದಾಗ ಹುಡುಗಿಗೆ ನಾಚಿಕೆಯಿಂದ ಸಾಕಾಗಿ ಹೋಯಿತು.

"ಮಾಮಿ, ಅದೇನ್ ಮೀನ ಐತೇನ, ಮೂಸಿ ನೋಡಿ ತಿನ್ನಾಕ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಈ ಅಭ್ಯಾಸವನ್ನು ನಾನು ಕಲಿತದ್ದು ಸಾಮಾನ್ಯರಿಂದಲ್ಲ. ಆಫ್ರಿಕಾದ ಘಾನಾ ದೇಶದಲ್ಲಿ ಕೋಕೋ ಬೆಳೆಯುವ ಹೆಣ್ಣುಮಗಳೊಬ್ಬಳು ಇದನ್ನು ನನಗೆ ಹೇಳಿಕೊಟ್ಟಳು. ಹೇಳಿಕೊಟ್ಟದ್ದು ಘಾನಾದಲ್ಲಲ್ಲ, ನಮ್ಮ ಹಾರೂಗೇರಿಯಲ್ಲಿ, ಅರಿಶಿನ ಬೆಳೆಯುವ ಹೆಂಗಸರ ನಡುವೆ ಕೂತುಕೊಂಡು. ನಿಮಗೆ ನಂಬಿಕೆ ಬರಲಿಕ್ಕಿಲ್ಲ. ನನಗೂ ಒಮ್ಮೊಮ್ಮೆ ಬರುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ನಿಪ್ಪಾಣಿಯಲ್ಲಿ. ನಮ್ಮ ಓಣಿಯಲ್ಲಿ ಗಾಳಿ ಬೀಸಿದರೆ ತಂಬಾಕಿನ ಪುಡಿ ಬೀಸಿದಂತೆ. ಶಾಲೆಯ ಪ್ರಾರ್ಥನೆಯ ನಡುವೆ ಒಬ್ಬಳು ಸೀನಿದರೆ ಸಾಲಿಡೀ ಸೀನುತ್ತಿತ್ತು, ಗುರುಗಳು ಸುಮ್ಮನೆ ಕಾಯುತ್ತಿದ್ದರು. ಆಗ ನಮಗೆ ಚಾಕಲೇಟ್ ಎಂದರೆ ಕಿತ್ತಳೆ ಬಣ್ಣದ ಸಕ್ಕರೆ ಗೋಳಿ. ಗಾಜಿನ ಭರಣಿಯಿಂದ ಅಂಗಡಿಯ ಮಾವಶಿ ತೆಗೆದುಕೊಡುತ್ತಿದ್ದಳು. ಹುಟ್ಟುಹಬ್ಬಕ್ಕೆ "ಇವತ್ತ ಚಾಕಲೇಟ ಹಂಚತೇನಿ" ಎಂದು ಡೌಲು ಬಡಿದು ಹಂಚುತ್ತಿದ್ದದ್ದೂ ಆ ಗೋಳಿಯನ್ನೇ. ನಿಜವಾದ ಚಾಕೊಲೇಟ್ ಒಂದು ಮರದ ಕಾಯಿಯೊಳಗಿನ ಬೀಜದಿಂದ ಆಗುತ್ತದೆ ಎಂದು ನನಗೆ ಗೊತ್ತಾದಾಗ ನಾನು ಬಿ.ಕಾಂ. ಮುಗಿಸಿ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಅಲ್ಲಿಯವರೆಗೆ ಅದನ್ನು ಹಾಲಿನಿಂದ ಮಾಡುತ್ತಾರೆಂದು ತಿಳಿದಿದ್ದೆ.

ಆ ಕೆಲಸ ಸಿಕ್ಕಿದ್ದು ಚಿಕ್ಕೋಡಿಯ ಒಂದು ಸಣ್ಣ ಸಂಸ್ಥೆಯಲ್ಲಿ. ಎರಡು ಸಾವಿರದ ಇಸವಿ ಕಳೆದು ಎಂಟ್ಹತ್ತು ವರ್ಷಗಳಾಗಿದ್ದ ಕಾಲ. ಒಂದೆಕರೆ, ಅರ್ಧ ಎಕರೆ ಅರಿಶಿನ ಬೆಳೆಯುವ ಹೆಂಗಸರನ್ನು ಒಟ್ಟುಗೂಡಿಸಿ, ಅವರ ಬೆಳೆ ನೇರವಾಗಿ ಒಳ್ಳೆಯ ಖರೀದಿದಾರರಿಗೆ ತಲುಪುವಂತೆ ಮಾಡುವುದು ಸಂಸ್ಥೆಯ ಉದ್ದೇಶ. ಸಂದರ್ಶನದಲ್ಲಿ ನಮ್ಮ ಸರ್ "ಇಂಗ್ಲಿಷ್ ಬರತೈತೇನ್?" ಎಂದು ಕೇಳಿದರು. "ಯೆಸ್ ಸರ್" ಎಂದೆ. ಆ ಎರಡು ಶಬ್ದಗಳ ಮೇಲೆ ನನಗೆ ಕೆಲಸ ಸಿಕ್ಕಿತು. ಉಳಿದ ಶಬ್ದಗಳನ್ನು ಅವರು ಕೇಳಲಿಲ್ಲ. ನಾನೂ ಹೇಳಲು ಹೋಗಲಿಲ್ಲ.

ಹಾರೂಗೇರಿಯ ಒಂದು ಓಣಿಯಲ್ಲಿ ಹನ್ನೆರಡು ಹೆಂಗಸರ ನಮ್ಮ ಗುಂಪಿತ್ತು. ಸಭೆ ಕೂಡುತ್ತಿದ್ದುದು ಓಣಿಯ ಬುದ್ಧವಿಹಾರದ ಕಟ್ಟೆಯ ಮೇಲೆ. ಗುಂಪಿನ ಮುಂದಾಳು ಶೇವಂತವ್ವ. ಐವತ್ತರ ಹತ್ತಿರದ ವಯಸ್ಸು, ಗಂಡಿನಂಥ ದನಿ, ಹಳದಿಗಟ್ಟಿದ ಬೆರಳುಗಳು. ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಲೇ ಅರ್ಧ ಎಕರೆ ಹೊಲವನ್ನು ತನ್ನದಾಗಿಸಿಕೊಂಡವಳು. ನನ್ನನ್ನು ಆಕೆ ಮೇಡಮ್ ಎಂದು ಕರೆದದ್ದೇ ಇಲ್ಲ. "ಸುನಿತವ್ವಾ" ಎನ್ನುತ್ತಿದ್ದಳು, ಸಿಟ್ಟು ಬಂದರೆ "ಏನ ಬೇ".

ಆ ವರ್ಷ ನಾವು ದೊಡ್ಡ ಮಸಾಲೆ ಕಂಪನಿಯೊಂದಕ್ಕೆ ಅರಿಶಿನದ ಮಾದರಿ ಕಳಿಸಿದ್ದೆವು. ಹದಿನೈದು ದಿನಕ್ಕೆ ಇಂಗ್ಲಿಷಿನಲ್ಲಿ ಕಾಗದ ಬಂತು. ಕಟ್ಟೆಯ ಮೇಲೆ ಕೂತು ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಗಂಭೀರವಾಗಿ ಓದಿದೆ: "ಬಣ್ಣ ಉತ್ತಮವಾಗಿದೆ. ಆದರೆ ಮಣ್ಣು, ಹರಳು, ಬೂಷ್ಟು ಮತ್ತು ಪ್ರಾಣಿಜನ್ಯ ಪದಾರ್ಥಗಳು ಕಂಡುಬಂದಿವೆ."

"ಅಂದ್ರ?" ಎಂದಳು ಶೇವಂತವ್ವ.

"ಅಂದ್ರ... ಪ್ರಾಣಿಗಳಿಂದ ಉಂಟಾದ..."

"ಆಡಿನ ಹಿಕ್ಕಿ ಅಂತ ಹೇಳ ಬೇ! ಅದಕ್ಕ್ಯಾಕ ಇಷ್ಟ ಸುತ್ತಾಡತಿ?"

ಹೆಂಗಸರು ಬಿದ್ದು ಬಿದ್ದು ನಕ್ಕರು. ಆದರೆ ಕಾಗದದ ಕೊನೆಯ ಸಾಲು ಓದಿದಾಗ ನಗೆ ನಿಂತಿತು. ಈ ಹಂಗಾಮಿನಲ್ಲಿ ಇನ್ನೊಂದೇ ಮಾದರಿ ನೋಡುತ್ತೇವೆ, ಅದೂ ಹೀಗೆಯೇ ಇದ್ದರೆ ಮುಂದೆ ಕಳಿಸಬೇಡಿ ಎಂದು ಬರೆದಿದ್ದರು. ನಮ್ಮಲ್ಲಿ ಅರಿಶಿನವನ್ನು ಕುದಿಸಿ, ಹೊಲದ ನೆಲದ ಮೇಲೆಯೇ ಹರವಿ ಹದಿನೈದು ದಿನ ಒಣಗಿಸುತ್ತಾರೆ. ಆ ನೆಲದ ಮೇಲೆ ಗಾಳಿ ಬೀಸುತ್ತದೆ, ಕೋಳಿ ಕೆದರುತ್ತದೆ, ಆಡು ಮಲಗುತ್ತದೆ. ಶೇವಂತವ್ವ ಕಾಗದವನ್ನು ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೂ, ತುಂಬಾ ಹೊತ್ತು ನೋಡಿದಳು.

ಇದೇ ಸಮಯಕ್ಕೆ ಸರ್ ಫೋನು ಮಾಡಿದರು. ಕಾಫಿ ಮತ್ತು ಕೋಕೋ ಬೆಳೆಯುವ ಬಡ ರೈತರ ಬೆನ್ನಿಗೆ ನಿಲ್ಲುವ ಹೊರದೇಶದ ಸಂಸ್ಥೆಯೊಂದು ಘಾನಾದ ರೈತ ಮಹಿಳೆಯೊಬ್ಬಳನ್ನು ಹತ್ತು ದಿನ ನಮ್ಮಲ್ಲಿಗೆ ಕಳಿಸುತ್ತಿದೆಯಂತೆ. ಇಲ್ಲಿಯ ಹೆಂಗಸರನ್ನು ಕಂಡು, ಮಾತಾಡಿ, ಕಲಿತು, ಕಲಿಸಿ ಹೋಗಲೆಂದು. "ನೀನ ದುಭಾಷಿ. ಯೆಸ್ ಅಂದಿದ್ದೆಲ್ಲ?" ಎಂದರು.

ಆ ರಾತ್ರಿಯಿಂದಲೇ ನಾನು ಪದಕೋಶ ಉರು ಹೊಡೆಯತೊಡಗಿದೆ. 'ಎ' ಅಕ್ಷರ ಮುಗಿಯುವುದರೊಳಗೆ ಆಕೆ ಬಂದುಬಿಟ್ಟಳು.

ಹೆಸರು ಅಕೋಸುವಾ. ನಲವತ್ತೈದರ ಗಟ್ಟಿಮುಟ್ಟಾದ ಹೆಂಗಸು. ತಲೆಗೆ ಬಣ್ಣಬಣ್ಣದ ಬಟ್ಟೆ, ಸೊಂಟಕ್ಕೆ ಲುಂಗಿಯಂತೆ ಸುತ್ತಿದ ನೀಲಿ ಹೂವಿನ ಬಟ್ಟೆ. ವಿಹಾರದ ಕಟ್ಟೆಯ ಮುಂದೆ ಜೀಪಿನಿಂದ ಇಳಿದು ಎರಡೂ ಕೈ ಮುಗಿದಳು. ಓಣಿಗೆ ಓಣಿಯೇ ಸೇರಿತ್ತು. ನಾನು ಹೆಸರು ಹೇಳಿದ್ದೇ ತಡ, ಶೇವಂತವ್ವ ಮುಖ ಅರಳಿಸಿದಳು.

"ಅಕ್ಕವ್ವ? ನಮ್ಮ ದೊಡ್ಡವ್ವನ ಹೆಸರೂ ಅದ! ಬಾರ ಅಕ್ಕವ್ವಾ, ಒಳಗ ಬಾ."

ಅಲ್ಲಿಗೆ ಹೆಸರು ನಿಶ್ಚಯವಾಯಿತು. ಭಾನುವಾರ ಹುಟ್ಟಿದ ಹೆಣ್ಣುಮಕ್ಕಳಿಗೆ ತಮ್ಮಲ್ಲಿ ಆ ಹೆಸರಿಡುತ್ತಾರೆ ಎಂದು ಆಕೆ ಹೇಳಿದಳು. ಹೆಂಗಸರಿಗೆ ಇದೇನೂ ವಿಶೇಷ ಅನಿಸಲಿಲ್ಲ. ಸೋಮವ್ವ, ಮಂಗಳವ್ವ, ಶುಕ್ರವ್ವ ಅಲ್ಲಿಯೇ ಕೂತಿದ್ದರು.

ನನ್ನ ಪರೀಕ್ಷೆ ಮರುದಿನ ಶುರುವಾಯಿತು. ಕೋಕೋ ಕಾಯಿ ಒಡೆದು ಬೀಜ ತೆಗೆದ ಮೇಲೆ ಏನು ಮಾಡುತ್ತೀರಿ ಎಂದು ಹೆಂಗಸರು ಕೇಳಿದರು. ಅಕೋಸುವಾ ವಿವರಿಸಿದಳು. ಅದರಲ್ಲಿ 'ಫರ್ಮೆಂಟ್' ಎಂಬ ಶಬ್ದ ಬಂತು. ನನ್ನ ತಯಾರಿ 'ಎ' ಅಕ್ಷರದ್ದು. ಧೈರ್ಯ ಮಾಡಿ, "ಬಾಳಿ ಎಲಿ ಮುಚ್ಚಿ ಆರು ದಿನ ಕೊಳಸ್ತಾರಂತ" ಎಂದೆ.

"ಅಯ್ಯ, ಕೊಳತದ್ದನ್ನ ಮಂದಿಗಿ ತಿನಸ್ತಾರ!"

ಅಕೋಸುವಾಳ ಮುಖ ನೋಡಿದರೆ ಏನೋ ತಪ್ಪಾಗಿದೆ ಎಂದು ಗೊತ್ತಾಗುತ್ತಿತ್ತು. ಶೇವಂತವ್ವ ನನ್ನನ್ನು ಪಕ್ಕಕ್ಕೆ ಸರಿಸಿ ಆಕೆಯೆದುರು ಕುಕ್ಕರಗಾಲಿನಲ್ಲಿ ಕೂತಳು. ಎರಡೂ ಕೈಯಿಂದ ಹಿಟ್ಟು ಕಲಸಿದಂತೆ ಮಾಡಿದಳು, ಮೇಲೊಂದು ಪಾತ್ರೆ ಮುಚ್ಚಿದಂತೆ ಮಾಡಿದಳು, ಆಮೇಲೆ ಕೈಗಳನ್ನು ಉಬ್ಬಿಸುತ್ತ ಮೇಲಕ್ಕೆತ್ತಿ, ಮೂಗಿನಿಂದ ಹುಳಿ ವಾಸನೆ ಎಳೆದುಕೊಂಡಳು. ಅಕೋಸುವಾ ಚಪ್ಪಾಳೆ ತಟ್ಟಿ "ಯೆಸ್! ಯೆಸ್!" ಎಂದು ಕೂಗಿದಳು.

"ಹುಳಿ ಬರಸ್ತಾರ ಬೇ," ಎಂದು ಶೇವಂತವ್ವ ನನ್ನ ಕಡೆ ತಿರುಗಿದಳು. "ದ್ವಾಸಿ ಹಿಟ್ಟಿನಂಗ. ಕೊಳಸೂದು ಬ್ಯಾರೆ, ಹುಳಿ ಬರಸೂದು ಬ್ಯಾರೆ. ಹೆಂಗಸಾಗಿ ಇಷ್ಟ ತಿಳಿಯೂದಿಲ್ಲೇನ ನಿನಗ?"

ಅಕೋಸುವಾ ಸಣ್ಣ ಬಟ್ಟೆಯ ಚೀಲದಲ್ಲಿ ಒಣಗಿದ ಕೋಕೋ ಬೀಜ ತಂದಿದ್ದಳು. ಒಂದನ್ನು ಮುರಿದು ಮೂಸಿ, ನನ್ನ ಮೂಗಿಗೂ ಹಿಡಿದಳು. ಒಣಗಿಸುವಾಗ ಏನೇ ತಪ್ಪಾದರೂ ಮುರಿದ ಜಾಗ ಹೇಳಿಬಿಡುತ್ತದೆ, ಹೊಗೆ ತಾಗಿದ್ದರೆ ಹೊಗೆ, ಬೂಷ್ಟು ಹಿಡಿದಿದ್ದರೆ ಬೂಷ್ಟು ಎಂದಳು. ಹೆಂಗಸರು ಒಂದೊಂದು ಬೀಜ ಕಡಿದು ಮುಖ ಕಹಿ ಮಾಡಿಕೊಂಡರು. "ಇದರಾಗ ಚಾಕಲೇಟ ಎಲ್ಲೈತಿ?" ಎಂಬ ಪ್ರಶ್ನೆ ಎದ್ದಿತು. ಶೇವಂತವ್ವ ಉತ್ತರಕ್ಕೆ ಕಾಯಲಿಲ್ಲ. ಬೀಜಗಳನ್ನು ಹಂಚಿನ ಮೇಲೆ ಹುರಿದಳು, ಸಿಪ್ಪೆ ತೆಗೆದು ಒಳಕಲ್ಲಿಗೆ ಹಾಕಿ ಕುಟ್ಟಿದಳು, ಬೆಲ್ಲ ಹಾಕಿದಳು, ಒಂದು ಚಮಚ ತುಪ್ಪ ಬಿಟ್ಟಳು, ನೆಲ್ಲಿಕಾಯಿ ಗಾತ್ರದ ಉಂಡಿ ಕಟ್ಟಿದಳು. ಜಗತ್ತಿನಲ್ಲಿ ಅಂಥ ಕಪ್ಪು ಉಂಡಿ ಅಲ್ಲಿಯವರೆಗೆ ಯಾರೂ ಕಟ್ಟಿರಲಿಕ್ಕಿಲ್ಲ. ಅಕೋಸುವಾ ಒಂದನ್ನು ಬಾಯಿಗೆ ಹಾಕಿಕೊಂಡು, ಕಣ್ಣಗಲಿಸಿ, ಶೇವಂತವ್ವನ ಹೆಗಲು ಹಿಡಿದು ಗಿರ್ರನೆ ಒಂದು ಸುತ್ತು ತಿರುಗಿಸಿದಳು. ಹುಟ್ಟಿದಾಗಿನಿಂದ ಕೋಕೋ ಬೆಳೆಯುತ್ತಿದ್ದರೂ ತನ್ನ ಸ್ವಂತ ಬೀಜದ ಸಿಹಿಯನ್ನು ತಿಂದದ್ದು ಇದೇ ಮೊದಲು ಎಂದಳು. ಇದನ್ನು ನಾನು ತಪ್ಪಿಲ್ಲದೆ ಕನ್ನಡಕ್ಕೆ ತಂದೆ. ಸೋಮವ್ವ ಇನ್ನೊಂದು ಉಂಡಿಯನ್ನು ಅವಳ ಕೈಗಿಟ್ಟಳು.

ಮೂರನೆಯ ದಿನ ಅವಳನ್ನು ಅರಿಶಿನದ ಕಣಕ್ಕೆ ಕರೆದುಕೊಂಡು ಹೋದೆವು. ನೆಲದ ಮೇಲೆ ಹರವಿದ ಬೆಳೆ ನೋಡಿ ಅಕೋಸುವಾ ಬಾಯಿಗೆ ಕೈ ಇಟ್ಟುಕೊಂಡಳು. ಅದೇ ಹೊತ್ತಿಗೆ ಒಂದು ಕೋಳಿ ಅದರ ನಡುವೆ ರಾಣಿಯಂತೆ ನಡೆದುಹೋಯಿತು.

"ನಮ್ಮಲ್ಲೂ ಹೀಗೇ ಇತ್ತು," ಎಂದು ಅವಳು ಹೇಳಿದಳು. "ನಮ್ಮಮ್ಮ ನೆಲದ ಮೇಲೆಯೇ ಒಣಗಿಸುತ್ತಿದ್ದಳು. ಈಗ ಬಿದಿರಿನ ತಟ್ಟಿ ಹೆಣೆದು, ಸೊಂಟದೆತ್ತರಕ್ಕೆ ಕಂಬದ ಮೇಲೆ ಹಾಸುತ್ತೇವೆ. ಕೆಳಗಿನಿಂದ ಗಾಳಿ, ಮೇಲಿನಿಂದ ಬಿಸಿಲು. ಮಳೆ ಬಂದರೆ ಒಂದೇ ಸಲಕ್ಕೆ ಮುಚ್ಚಿಬಿಡಬಹುದು. ನೆಲದಿಂದ ಎತ್ತಿರಿ. ಅಷ್ಟೇ."

"ಬಿದಿರ ಎಲ್ಲಿಂದ ತರೂದು?" ಎಂದಳು ಶೇವಂತವ್ವ. "ನಮ್ಮ ಕಡೆ ಬರೇ ಕಬ್ಬ."

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ನನ್ನ ಜೀವನದಲ್ಲಿ ಅಂಥ ಸಂದರ್ಭಗಳು ಕಡಿಮೆ, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ. ಅಥಣಿ ಕಡೆ ದ್ರಾಕ್ಷಿಯನ್ನು ಒಣಗಿಸಿ ಮನುಕ ಮಾಡಲು ತಂತಿಯ ಮೇಲೆ ಬಲೆಯಂಥ ಜಾಳಿ ಹಾಸಿದ ಶೆಡ್ಡುಗಳಿರುತ್ತವೆ. ಅಲ್ಲಿಯ ಅನಂತಪುರದಲ್ಲಿ ನಮ್ಮ ಸಂಬಂಧಿಕರ ಪೈಕಿ ಅಪ್ಪಾಸಾಹೇಬ ಕಾಕಾ ಎಂಬುವರು ಹಿಂದಿನ ವರ್ಷವಷ್ಟೇ ರೋಗ ಬಿದ್ದ ದ್ರಾಕ್ಷಿ ತೋಟ ಕಿತ್ತುಹಾಕಿದ್ದರು. ಅವರ ಶೆಡ್ಡು ಖಾಲಿ ನಿಂತಿತ್ತು.

ಮರುದಿನವೇ ನಾವು ಮೂವರೂ ಹೋದೆವು. ಕಾಕಾ ಚಹಾ ಕೊಟ್ಟರು, ಆದರೆ ವಿಷಯ ಕೇಳಿದೊಡನೆ ತಲೆ ಅಡ್ಡಡ್ಡ ಆಡಿಸಿದರು.

"ಅದು ಮನುಕದ ಜಾಳಿ ಐತ್ರಿ. ಅರಿಷಿಣ ಹಾಕಿದ್ರ ಕಾಯಂ ಹಳದಿ ಆಗಿಬಿಡತೈತಿ. ಮತ್ತ ನಾಳೆ ನಾ ದ್ರಾಕ್ಷಿ ಹಚ್ಚಿದ್ರ?"

ಶೇವಂತವ್ವ ವಾದಕ್ಕೆ ಸೆರಗು ಕಟ್ಟಿದಳು. ಅಷ್ಟರಲ್ಲಿ ಅಕೋಸುವಾ ಎದ್ದು ಶೆಡ್ಡಿನೊಳಗೆ ನಡೆದುಹೋಗಿ ತಂತಿಯ ಬಿಗುವನ್ನು ಬೆರಳಿನಿಂದ ಮೀಟಿ ನೋಡುತ್ತಿದ್ದಳು. "ಇದರ ಮೇಲೆ ದ್ರಾಕ್ಷಿ ಎಷ್ಟು ದಿನಕ್ಕೆ ಒಣಗುತ್ತದೆ ಎಂದು ಕೇಳು" ಎಂದಳು. ಕೇಳಿದೆ. ಕಾಕಾ ಮನಸ್ಸಿಲ್ಲದೆ ಹೇಳಿದರು. ಜಾಳಿ ಯಾಕೆ ಇಷ್ಟು ಸಡಿಲ, ನೆರಳು ಯಾಕೆ ಬೇಕು, ಹಣ್ಣಿನ ಬಣ್ಣ ಹೇಗೆ ಉಳಿಯುತ್ತದೆ ಎಂದು ಅವಳು ಕೇಳುತ್ತಲೇ ಹೋದಳು. ಕಾಕಾ ಮೊದಲು ಕುರ್ಚಿಯಿಂದ ಎದ್ದರು, ಆಮೇಲೆ ತಲೆಯ ಪಟಕ ತೆಗೆದಿಟ್ಟರು, ಆಮೇಲೆ ಬಳ್ಳಿಯಿಂದ ದ್ರಾಕ್ಷಿ ಗೊಂಚಲು ಇಳಿಸುವುದನ್ನು ಬರಿಗೈಯಲ್ಲೇ ಮಾಡಿ ತೋರಿಸಿದರು. ಒಂದು ತಾಸು ಹೀಗೆ ಕಳೆಯಿತು. ನಾನು ಅನುವಾದ ಮಾಡಿ ಮಾಡಿ ಬೆವೆತೆ. ಕೊನೆಗೆ ಅವರು ಶೆಡ್ಡಿನ ಕಂಬಕ್ಕೆ ಒರಗಿ ನಿಂತರು.

"ತ್ವಾಟಾ ಕಿತ್ತಿಂದ ಒಬ್ರೂ ಇದರ ಸುದ್ದಿ ಕೇಳಿರಲಿಲ್ಲ ನೋಡ್ರಿ," ಎಂದರು. ಆಮೇಲೆ ಕಂಬವನ್ನೊಮ್ಮೆ ತಟ್ಟಿ, "ಒಯ್ಯಿರಿ. ಎಲ್ಲಾ ಒಯ್ಯಿರಿ. ಟ್ರ್ಯಾಕ್ಟರ್ ನಂದ ಕಳಸ್ತೇನಿ" ಎಂದರು.

ಎರಡು ದಿನಗಳಲ್ಲಿ ವಿಹಾರದ ಹಿಂದಿನ ಬಯಲಿನಲ್ಲಿ ಕಂಬ ನಿಂತವು, ತಂತಿ ಬಿಗಿದವು, ಸೊಂಟದೆತ್ತರಕ್ಕೆ ಜಾಳಿ ಹರಡಿತು. ಕುದಿಸಿದ ಅರಿಶಿನವನ್ನು ಬುಟ್ಟಿಗಟ್ಟಲೆ ತಂದು ಹರವಿದೆವು. ಬಿಸಿಲು ಬಿದ್ದಾಗ ಗಾಳಿಯಲ್ಲಿ ಚಿನ್ನ ತೇಲಿಸಿದಂತೆ ಕಾಣುತ್ತಿತ್ತು. ಹಾದಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರು. ಆದರೆ ಒಂದು ವಿಷಯ ನನಗೆ ಚುಚ್ಚುತ್ತಿತ್ತು. ಹನ್ನೊಂದು ಹೆಂಗಸರ ಅರಿಶಿನ ಮೇಲೆ ಏರಿತ್ತು. ಶೇವಂತವ್ವನದು ಮಾತ್ರ ಪಕ್ಕದಲ್ಲೇ ನೆಲದ ಮೇಲಿತ್ತು. ಬಾಯಲ್ಲಿ ಅಕ್ಕವ್ವ ಅಕ್ಕವ್ವ ಎನ್ನುತ್ತಾಳೆ, ಒಳಗೆ ನಂಬಿಕೆಯಿಲ್ಲ ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟೆ. ಕೇಳುವ ಧೈರ್ಯವಾಗಲಿಲ್ಲ.

ಅಕೋಸುವಾ ಹೊರಡಲು ಎರಡು ದಿನ ಉಳಿದಿತ್ತು. ಮಧ್ಯಾಹ್ನ ಮೂರರ ಹೊತ್ತು, ಮಾರ್ಚ್ ತಿಂಗಳ ಸುಡುಬಿಸಿಲು. ಇದ್ದಕ್ಕಿದ್ದಂತೆ ಪಶ್ಚಿಮದ ಕಡೆ ಆಕಾಶ ಮಸಿ ಬಳಿದಂತಾಯಿತು. ಗಾಳಿ ಎದ್ದಿತು. ಯಾರೋ "ಮಳಿ! ಮಳಿ ಬಂತು!" ಎಂದು ಕಿರಿಚಿದರು.

ಓಣಿಯ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದವು. ತಾಡಪತ್ರಿ, ಪ್ಲಾಸ್ಟಿಕ್ ಹಾಳೆ, ಕೌದಿ ಹೀಗೆ ಸಿಕ್ಕಿದ್ದನ್ನು ಹೊತ್ತು ಹೆಂಗಸರು ಓಡಿದರು. ಎಲ್ಲರಿಗಿಂತ ಮುಂದೆ ಶೇವಂತವ್ವ. ಅವಳು ತನ್ನ ಅರಿಶಿನವನ್ನು ದಾಟಿಕೊಂಡೇ ಹೋದಳು. ಅದರತ್ತ ತಿರುಗಿಯೂ ನೋಡಲಿಲ್ಲ. ನೇರವಾಗಿ ಜಾಳಿಗಳ ಬಳಿ ನಿಂತು ಗಂಟಲು ಹರಿಯುವಂತೆ ಕೂಗತೊಡಗಿದಳು.

"ಆ ತುದಿ ಹಿಡೀರಿ! ಎಳೀರಿ! ಕಲ್ಲ ಇಡ್ರಿ ಮ್ಯಾಲ! ಸುನಿತವ್ವಾ, ಬಾಯಿ ತಕ್ಕೊಂಡ ನಿಂದ್ರಬ್ಯಾಡ, ಹಗ್ಗ ಕಟ್ಟ!"

ನಾನು ಹಗ್ಗ ಕಟ್ಟಿದೆ. ಇನ್ನೊಂದು ತುದಿಯಲ್ಲಿ ಅಕೋಸುವಾ ತನ್ನ ಭಾಷೆಯಲ್ಲಿ ಕೂಗುತ್ತಿದ್ದಳು. ಯಾರಿಗೂ ಆ ಭಾಷೆ ಬಾರದು, ಆದರೆ ಅವಳು ಹೇಳಿದ್ದನ್ನು ಎಲ್ಲರೂ ಮಾಡುತ್ತಿದ್ದರು. ಮೊದಲ ಹನಿಗಳು ಬಿದ್ದಾಗ ಕೊನೆಯ ಜಾಳಿ ಮುಚ್ಚಿತ್ತು. ಆಗ ಅಕೋಸುವಾ ಸುತ್ತ ನೋಡಿದಳು. ನೆಲದ ಮೇಲಿನ ಅರಿಶಿನ ಕಣ್ಣಿಗೆ ಬಿತ್ತು. ಒಂದೇ ಓಟಕ್ಕೆ ಅಲ್ಲಿಗೆ ಹೋಗಿ, ಸ್ಕರ್ಟಿನ ಮೇಲೆ ಸುತ್ತಿಕೊಂಡಿದ್ದ ನೀಲಿ ಹೂವಿನ ಬಟ್ಟೆ ಬಿಚ್ಚಿ ಅದರ ಮೇಲೆ ಹರವಿ, ಮೊಣಕಾಲೂರಿ ಅಂಚುಗಳನ್ನು ಒತ್ತಿ ಹಿಡಿದಳು. ನಾವೂ ಓಡಿದೆವು. ಆದರೆ ಅಷ್ಟರಲ್ಲಿ ಆಣೆಕಲ್ಲು ಸುರಿಯತೊಡಗಿತು. ಆ ಬಟ್ಟೆ ಎಷ್ಟು ತಡೆದೀತು? ಹತ್ತೇ ನಿಮಿಷದಲ್ಲಿ ನೆಲದ ಮೇಲೆ ಹಳದಿ ನೀರು ಹರಿಯಿತು.

ಮಳೆ ಬಂದಷ್ಟೇ ಬೇಗ ನಿಂತಿತು. ಜೀವನದಲ್ಲಿ ಆಣೆಕಲ್ಲು ಕಂಡಿರದ ಅಕೋಸುವಾ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡಳು, ಆದರೆ ಅವಳ ಕಣ್ಣು ಒದ್ದೆ ಅರಿಶಿನದ ಮೇಲೆಯೇ ಇತ್ತು. "ಯಾಕೆ ಇದನ್ನು ಮೇಲೆ ಹಾಕಲಿಲ್ಲ ಎಂದು ಕೇಳು" ಎಂದಳು. ಈಗ ಕೇಳಲೇಬೇಕಾಯಿತು.

ಶೇವಂತವ್ವ ಸೆರಗು ಹಿಂಡುತ್ತಿದ್ದಳು. "ಜಾಳಿ ಹನ್ನೊಂದ ಮಂದಿಗಷ್ಟ ಸಾಕಾತು," ಎಂದಳು. "ಯಾರಿಗೆ ಬ್ಯಾಡ ಅನ್ನಲಿ? ಎಲ್ಲಾರ್ನೂ ಗುಂಪಿಗಿ ಕರದಾಕಿ ನಾನ ಅಲ್ಲ?"

ನಾನು ಕೊಟ್ಟಿದ್ದ ತೀರ್ಪು ನನ್ನ ಮುಖಕ್ಕೇ ರಾಚಿತು. ಅಕೋಸುವಾಗೆ ಆ ಮಾತನ್ನು ಹೇಳುವಾಗ ನನ್ನ ಇಂಗ್ಲಿಷ್ ಇನ್ನಷ್ಟು ತೊದಲಿತು. ಅವಳು ಪೂರ್ತಿ ಕೇಳಿಸಿಕೊಳ್ಳದೆ ಶೇವಂತವ್ವನ ಒದ್ದೆ ಕೈ ಹಿಡಿದುಕೊಂಡಳು. ಆಮೇಲೆ ಇಬ್ಬರೂ ಹೋಗಿ ತಾಡಪತ್ರಿ ಎತ್ತಿದರು. ಕೆಳಗಿನ ಅರಿಶಿನಕ್ಕೆ ಒಂದು ಹನಿಯೂ ತಾಗಿರಲಿಲ್ಲ. ಒಂದೇ ಒಂದು ಹನಿಯೂ! ಅಕೋಸುವಾ ಒಂದು ಅರಿಶಿನದ ಕೊಂಬನ್ನು ಮುರಿದು ಮೂಸಿ, ಶೇವಂತವ್ವನ ಮೂಗಿಗೆ ಹಿಡಿದಳು. ಓಣಿಯಲ್ಲಿ ಎದ್ದ ಕೇಕೆಗೆ ವಿಹಾರದ ಮೇಲಿನ ಪಾರಿವಾಳಗಳೆಲ್ಲ ಹಾರಿಹೋದವು.

ನೀಲಿ ಬಟ್ಟೆಯನ್ನು ಹೆಂಗಸರು ಮೂರು ಸಲ ಒಗೆದರು. ಹಳದಿ ಹೋಗಲಿಲ್ಲ. "ಇರಲಿ, ಹಾಗೇ ಚಂದ" ಎಂದು ಅಕೋಸುವಾ ಅದನ್ನೇ ಉಟ್ಟುಕೊಂಡು ವಿಮಾನ ಹತ್ತಲು ಹೊರಟಳು.

ಮುಂದಿನ ವರ್ಷಗಳಲ್ಲಿ ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಕೊನೆಗೆ ಹೇಳಬೇಕಾದದ್ದು ಬೇರೆ ಇದೆ. ಶೇವಂತವ್ವನ ಅರಿಶಿನ ಆ ವರ್ಷ ದಲಾಲರ ಹಳೆಯ ದಾರಿ ಹಿಡಿದು ಸಾಂಗಲಿಯ ಪೇಟೆಗೇ ಹೋಯಿತು. ಮರುವರ್ಷ ಹೊಸ ಜಾಳಿ ಬಂದಾಗ ಮೊದಲ ಬುಟ್ಟಿ ಆಕೆಯದೇ ಆಗಬೇಕೆಂದು ಉಳಿದ ಹನ್ನೊಂದು ಜನ ಹಟ ಹಿಡಿದರು. ಜುಗೂಳ ಎಂಬ ಊರಿನ ಹೆಂಗಸರು ಬಂದು ನೋಡಿಕೊಂಡು ಹೋಗಿ ತಮ್ಮಲ್ಲೂ ಕಂಬ ನೆಟ್ಟರು. ಅಪ್ಪಾಸಾಹೇಬ ಕಾಕಾ ಎಲ್ಲಿ ಜಾಳಿ ಕಟ್ಟಿದರೂ ಕರೆಯದಿದ್ದರೂ ಹೋಗಿ, ತಂತಿ ಸಡಿಲವಾಗಿದೆ ಎಂದು ಬೈದು ಬರುತ್ತಿದ್ದರು.

ಜಾಳಿಯ ಮೇಲೆ ಒಣಗಿದ ಅರಿಶಿನದಿಂದ ಕಳಿಸಿದ್ದ ಎರಡನೆಯ ಮಾದರಿಯ ಫಲಿತಾಂಶ ಬಂದದ್ದು ಅಕೋಸುವಾ ಹೋದ ಒಂದು ತಿಂಗಳಿಗೆ. ಸರ್ ಫೋನಿನಲ್ಲಿ ಹೇಳಿದಾಗ ನಾನು ರಾಯಬಾಗದಿಂದ ಹಾರೂಗೇರಿಗೆ ಹೋಗುವ ಬಸ್ಸಿನಲ್ಲಿದ್ದೆ. ಪಕ್ಕದ ಸೀಟಿನ ಅಜ್ಜಿಯನ್ನು ತಬ್ಬಿಕೊಂಡೆ. ಆಕೆ ತನ್ನ ಚೀಲವನ್ನು ಭದ್ರವಾಗಿ ಹಿಡಿದುಕೊಂಡಳು. ಬಸ್ಸಿಳಿದು ಓಡುತ್ತಲೇ ಹೋದೆ. ಹೆಂಗಸರು ಕಟ್ಟೆಯ ಮೇಲೆ ಅರಿಶಿನ ಆರಿಸುತ್ತ ಕೂತಿದ್ದರು. ಏದುಸಿರಿನಲ್ಲಿ ನನ್ನ ಬಾಯಿಂದ ಬಂದದ್ದು ಒಂದೇ ಶಬ್ದ: "ಪಾಸ್!"

ಕೂಗು, ನಗೆ, ಅಳು ಎಲ್ಲ ಒಟ್ಟಿಗೆ ಎದ್ದವು. ಒಬ್ಬಳು ನನ್ನ ಕೆನ್ನೆಗೆ ಅರಿಶಿನ ಬಳಿದಳು. ಶೇವಂತವ್ವ ಎದ್ದು ಬಂದು ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು.

"ಅಕ್ಕವ್ವಗ ಹೇಳಿಯೇನ?"

ಹೇಳಿರಲಿಲ್ಲ. ಅಲ್ಲಿಯೇ ನಂಬರು ಹುಡುಕಿ ಒತ್ತಿದೆ. ಮೂರನೆಯ ಪ್ರಯತ್ನಕ್ಕೆ ಫೋನು ಹತ್ತಿತು. "ಹಲೋ" ಎಂದ ದನಿ ಕೇಳಿಸಿತು. ಹೇಗೆ ಹೇಳಬೇಕೆಂದು ಇಂಗ್ಲಿಷಿನಲ್ಲಿ ಒಂದು ಒಳ್ಳೆಯ ವಾಕ್ಯ ಜೋಡಿಸಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಶೇವಂತವ್ವ ಫೋನು ಕಸಿದುಕೊಂಡಳು.

"ಅಕ್ಕವ್ವಾ! ಪಾಸ್! ಮಣ್ಣಿಲ್ಲ, ಹಿಕ್ಕಿಲ್ಲ, ಬೂಷ್ಟಿಲ್ಲ, ಏನೂ ಇಲ್ಲ! ಪಾಸ್!"

ಆ ಕಡೆಯಿಂದ ಒಂದು ದೊಡ್ಡ ಕೇಕೆ ಬಂತು. ಅದರ ಹಿಂದೆ ಅವಳ ಭಾಷೆಯಲ್ಲಿ ಮಾತಿನ ಹೊಳೆ. ಶೇವಂತವ್ವ "ಹೂಂ, ಹೂಂ" ಎನ್ನುತ್ತ ಕೇಳಿ, ಈ ವರ್ಷದ ಬಿಸಿಲು, ಮೊಮ್ಮಗಳ ನೆಗಡಿ, ಕಾಕಾನ ಬೈಗುಳ ಎಲ್ಲವನ್ನೂ ಕನ್ನಡದಲ್ಲಿ ಹೇಳಿದಳು. ಅಕೋಸುವಾ ನಕ್ಕಳು. ಮತ್ತೆ ಅವಳೇನೋ ಹೇಳಿದಳು. ಶೇವಂತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಬ್ಬರ ಭಾಷೆಯ ಒಂದು ಶಬ್ದವೂ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಸಂಬಳ ತೆಗೆದುಕೊಳ್ಳುವ ದುಭಾಷಿ ನಾನು, ಪಕ್ಕದಲ್ಲೇ ನಿಂತಿದ್ದೇನೆ. "ಇತ್ತಾಗ ಕೊಡವಾ, ನಾ ಇಂಗ್ಲಿಷಿನ್ಯಾಗ ಹೇಳತೇನಿ" ಎಂದು ಕೈ ಚಾಚಿದೆ. ಶೇವಂತವ್ವ ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು.

"ನಿಂದ್ರ ಬೇ," ಎಂದಳು. "ನಾವು ಮಾತಾಡಾಕತ್ತೇವಿ."